ಮಾವನ ಜೋಳ, ಅಳಿಯನ ಮೈಲೇಜು

ಸೋಂಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ಅನಿಲ್‌ಕುಮಾರನಿಗೆ ಇದ್ದದ್ದು ಒಂದೇ ಕೊರಗು. ಅವನ ಹೈಬ್ರಿಡ್ ಕಾರು ಮೊದಲಿನ ಹಾಗೆ ಮೈಲೇಜು ಕೊಡುತ್ತಿರಲಿಲ್ಲ. ಹೊಸದರಲ್ಲಿ ಅದನ್ನು ಹೂವಿನ ಹಾಗೆ ಓಡಿಸುತ್ತಿದ್ದ. ಲೀಟರಿಗೆ ಇಪ್ಪತ್ತನಾಲ್ಕು ಅಂತ ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಬರುತ್ತಿತ್ತು. ನೋಡಿದರೇ ಹೊಟ್ಟೆ ತುಂಬುತ್ತಿತ್ತು. ಈಗ ಹದಿನೇಳು. (ಹೆಂಡತಿಗೆ ಜ್ವರ ನೂರಾಮೂರು ಬಂದಾಗಲೂ ಥರ್ಮಾಮೀಟರನ್ನು ಅವನು ಅಷ್ಟು ಸಲ ನೋಡಿರಲಿಲ್ಲ.)

ತಪ್ಪು ಯಾರದು ಅಂತ ತನಿಖೆ ಮಾಡಿ ತೀರ್ಪನ್ನೂ ಕೊಟ್ಟಾಗಿತ್ತು: ಪೆಟ್ರೋಲಿಗೆ ಬೆರೆಸುವ ಎಥನಾಲ್‌ನದು. ಕೊಟ್ಟುಕೊಳ್ಳಲಿ ಪಾಪ. ಆದರೆ ಆ ತೀರ್ಪನ್ನು ಭಾನುವಾರ ತೂಬಗೆರೆಯ ಮಾವನ ಮನೆಯಲ್ಲಿ, ಮುದ್ದೆ ಮುಂದೆ ಕೂತು ಓದಬಾರದಿತ್ತು.

"ನೂರಕ್ಕೆ ಇಪ್ಪತ್ತು ಭಾಗ ಜೋಳದ ಸಾರಾಯಿ ಮಾವ. ಕಾರು ಕುಡ್ದು ತೂರಾಡ್ತಾ ಇದೆ!"

ಮಾವ ಪಿಳ್ಳಪ್ಪನವರ ಕೈ ಮುದ್ದೆಯ ಮೇಲೇ ನಿಂತಿತು. ಹೋದ ವಾರವಷ್ಟೇ ಅವರ ಹೊಲದ ಮುಸುಕಿನ ಜೋಳ ಲಾರಿ ಹತ್ತಿತ್ತು. 'ಇದು ಎಥನಾಲ್ ಫ್ಯಾಕ್ಟರಿಗೆ ಹೋಗುತ್ತೆ' ಅಂತ ವ್ಯಾಪಾರಿ ಹೇಳಿದ್ದೇ ತಡ, ರಸ್ತೆಯಲ್ಲಿ ಯಾವ ಕಾರು ಹೋದರೂ ತಮ್ಮ ಮನೆಯಲ್ಲಿ ಉಂಡು ಹೋಗುತ್ತಿರುವ ನೆಂಟರೇನೋ ಅನ್ನುವ ಹಾಗೆ ಕೈ ಎತ್ತುತ್ತಿದ್ದರು.

"ಅಳಿಯಂದ್ರೇ, ನಮ್ ಜೋಳಕ್ಕೆ ಏನಾಗೈತೆ?"

"ಜೋಳಕ್ಕೇನೂ ಆಗಿಲ್ಲ ಮಾವ, ಕಾರಿಗಾಗಿದೆ. ಎಥನಾಲ್‌ನಲ್ಲಿ ಕಸುವು ಕಮ್ಮಿ."

"ಸ್ವಲ್ಪ ಕಮ್ಮಿ ಇರ್ಬೋದು. ಇಪ್ಪತ್ನಾಲ್ಕು ಇದ್ದಿದ್ದು ಹದಿನೇಳಕ್ಕೆ ಇಳಿಯೋವಷ್ಟಾ?"

ಜ್ಯೋತಿಲಕ್ಷ್ಮಿ ಗಂಡನ ಕಾಲು ತುಳಿದಳು. ಅವನು ಬಾಯಿ ಮುಚ್ಚಲಿಲ್ಲ. ಪಿಳ್ಳಪ್ಪ ಕೈ ತೊಳೆದು ಎದ್ದೇಬಿಟ್ಟರು.

"ನೆಲಮಂಗಲದ ನಿಮ್ ಮನೆಗಂಟ ನಾನೂ ಕಾರಲ್ಲಿ ಬತ್ತೀನಿ, ನೋಡೇಬುಡಾನ. ತಪ್ಪು ಜೋಳದ್ದು ಅಂತ ಆದ್ರೆ ಮುಂದಿನ ಮಳೆಗಾಲ ಹೊಲಕ್ಕೆ ಜೋಳ ಹಾಕಲ್ಲ. ನಿಮ್ದು ಅಂತ ಆದ್ರೆ ಬೀಗದಕೈ ನನ್ ಮಗಳ ಕೈಗೆ. ಒಪ್ಗೇನಾ?"

ಅನಿಲ ಜೇಬಿನಲ್ಲಿದ್ದ ಬೀಗದಕೈಯನ್ನು ಮುಟ್ಟಿ ನೋಡಿಕೊಂಡ. ಜ್ಯೋತಿಗೆ ಲೈಸೆನ್ಸ್ ಬಂದು ಎರಡು ವರ್ಷವಾಗಿತ್ತು. ಮನೆಯ ಗೇಟಿನಿಂದ ರಸ್ತೆಯವರೆಗೆ, ಅದೂ ರಿವರ್ಸ್‌ನಲ್ಲಿ, ಅಷ್ಟೇ ಅವಳಿಗೆ ಮಂಜೂರಾಗಿದ್ದ ಸಾಮ್ರಾಜ್ಯ. ಆದರೆ ಅತ್ತೆ ಪಿಳ್ಳಮ್ಮನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಒಪ್ಗೆ" ಅಂದ.

ಅನಿಲ ಪರದೆಯ ಲೆಕ್ಕವನ್ನು ಸೊನ್ನೆಗೆ ತಂದು ಹೊರಟ. ಪಕ್ಕದಲ್ಲಿ ಮಾವ, ಹಿಂದೆ ಜ್ಯೋತಿ. ಊರ ಬಾಗಿಲು ದಾಟುವ ಮೊದಲೇ ಕಾರು ಗುರ್ ಅಂತು. ಮುಂದೆ ಬಸ್ಸು ಕಂಡರೆ ಅದನ್ನು ಹಿಂದೆ ಹಾಕದೆ ಅವನಿಗೆ ನಿದ್ದೆ ಬರುವುದಿಲ್ಲ. ಹಂಪು ಬಂದರೆ ಅದರ ನೆತ್ತಿಯ ಮೇಲೇ ಬ್ರೇಕು. ದೊಡ್ಡಬಳ್ಳಾಪುರ ಮುಟ್ಟಿದಾಗ ಪರದೆಯಲ್ಲಿ ಹದಿನಾರು!

"ನೋಡಿದ್ರಾ ಮಾವ? ನಿಮ್ ಜೋಳದ ಮಹಿಮೆ!"

ಪಿಳ್ಳಪ್ಪ ಪರದೆಯನ್ನು ನೋಡಲೇ ಇಲ್ಲ. ದಾರಿಯುದ್ದಕ್ಕೂ ಅಳಿಯನ ಬಲಗಾಲನ್ನು ನೋಡುತ್ತಿದ್ದರು.

"ಇದ್ರಲ್ಲಿ ಪೆಟ್ರೋಲಿಂದು ಒಂದು, ಕರೆಂಟಿಂದು ಒಂದು, ಎರಡು ಐತೆ ಅಂದ್ರಲ್ಲ?"

"ಹೂಂ ಮಾವ. ಅದಕ್ಕೇ ಹೈಬ್ರಿಡ್ ಅನ್ನೋದು."

"ಹೈಬ್ರಿಡ್ಡೂ ಇಲ್ಲ ಗಿಬ್ರಿಡ್ಡೂ ಇಲ್ಲ. ಜೋಡೆತ್ತು ಕಣ್ರೀ ಇದು!"

ಹಿಂದಿನ ಸೀಟಿನಲ್ಲಿ ಜ್ಯೋತಿ ಕಿಸಕ್ಕನೆ ನಕ್ಕಳು. "ಕರಿಯ, ಕೆಂದ!"

ತಮ್ಮ ಹಳೇ ಎತ್ತುಗಳ ಹೆಸರು ಕೇಳಿದ್ದೇ ಮುದುಕರ ದನಿ ಮೆತ್ತಗಾಯಿತು. "ಕರಿಯ ಸಾಧು. ಸದ್ದಿಲ್ದೆ ಗಾಡಿ ಎಳ್ಯೋನು. ಕೆಂದ ಸಿಡುಕ, ಆದ್ರೆ ಏರು ಬಂದ್ರೆ ಅವನೇ ಬೇಕು. ಇದ್ರಲ್ಲಿ ಕರೆಂಟಿಂದು ಕರಿಯ, ಪೆಟ್ರೋಲಿಂದು ಕೆಂದ. ಹೊರಡೋವಾಗ ಕರಿಯನ್ನ ಮುಂದೆ ಬುಡ್ಬೇಕು. ಇಳಿಜಾರಲ್ಲಿ ಇಬ್ರಿಗೂ ಉಸಿರಾಡಕ್ಕೆ ಬುಡ್ಬೇಕು. ನೀವು ಹೊರಟಿದ್ದೇ ಕೆಂದನ ಬಾಲ ಮುರಿತೀರಲ್ಲ, ಅವನು ಮೇವು ಜಾಸ್ತಿ ತಿನ್ನದೆ ಏನ್ ಮಾಡ್ತಾನೆ? ಮೇವಿನ ಮೇಲೆ ತಪ್ಪು ಹಾಕ್ತೀರಾ?"

ಶೋರೂಮಿನವನು ಇದನ್ನೇ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹೇಳಿದ್ದ. ಆಗ ಅನಿಲ ಕಾರಿನ ಜೊತೆ ಫೋಟೊ ತೆಗೆಸಿಕೊಳ್ಳುವುದರಲ್ಲಿದ್ದ.

"ಇಳೀರಿ. ಮಿಕ್ಕ ದಾರಿ ಅವಳು ಹೊಡೀಲಿ."

ಜ್ಯೋತಿ ಸ್ಟಿಯರಿಂಗ್ ಹಿಡಿದಳು. ಲೆಕ್ಕ ಮತ್ತೆ ಸೊನ್ನೆಯಿಂದ. ಎಂಟು ವರ್ಷದವಳಿದ್ದಾಗ ಇದೇ ದೊಡ್ಡಬಳ್ಳಾಪುರದ ಮಿಲ್ಲಿಗೆ ರಾಗಿ ಹಾಕಿಸಿ ವಾಪಸ್ಸು ಹೋಗುವಾಗ ಅಪ್ಪ ಹಗ್ಗವನ್ನು ಅವಳ ಕೈಗೆ ಕೊಟ್ಟು ಬೆಚ್ಚನೆ ಹಿಟ್ಟಿನ ಮೂಟೆಗೆ ಒರಗುತ್ತಿದ್ದ. ಕೀಲೆಣ್ಣೆಯ ವಾಸನೆ, ಕೊರಳ ಗಂಟೆ, ಹುಣಸೆಮರದ ನೆರಳು ಬಂದಾಗ ತಾವಾಗಿ ನಿಧಾನವಾಗುತ್ತಿದ್ದ ಎತ್ತುಗಳು. ನೆಲಮಂಗಲದ ಈ ದಾರಿಯಲ್ಲಿ ಹುಣಸೆಮರವಿಲ್ಲ, ಬರೀ ಗೋಡೌನುಗಳು. ಅವಳ ಕಾಲು ಮಾತ್ರ ನೆರಳು ಬಂದಲ್ಲಿ ತಾನಾಗಿ ಹಗುರವಾಯಿತು.

"ಕರಿಯ... ಕರಿಯ... ಹಾಂ, ಈಗ ಏರು, ಕೆಂದನ್ನ ಕರಿ ಮಗ," ಅಂತ ಪಿಳ್ಳಪ್ಪ ಗುನುಗುತ್ತಿದ್ದರು. ಕಾರು ಹಾಗೇ ಕೇಳಿತು. ಇಳಿಜಾರಿನಲ್ಲಿ ಎಂಜಿನ್ ತಾನಾಗಿ ಸುಮ್ಮನಾಗಿ, ಬರೀ ಟೈರಿನ ಸದ್ದು. ಮಧುರೆ ದಾಟುವಾಗ ಮುದುಕರು ಕಣ್ಣು ಒರೆಸಿಕೊಂಡದ್ದನ್ನು ಹಿಂದಿನ ಸೀಟಿನಿಂದ ಅನಿಲ ನೋಡಿದ.

"ಟ್ರ್ಯಾಕ್ಟರ್ ಬಂದ್ಮೇಲೆ ಕೊಟ್ಬುಟ್ಟೆ ಅವೆರಡನ್ನೂ," ಅಂದರು. "ನನ್ ಜೋಳದ ಕಡ್ಡಿ ಅಂದ್ರೆ ಪ್ರಾಣ ಬುಡೋವು. ಆಮೇಲೆ ಎಷ್ಟು ಬೆಳುದ್ರೂ, ತಿಂದು ತಲೆ ಆಡ್ಸೋರೇ ಇರ್ಲಿಲ್ಲ ನೋಡು."

ಅನಿಲನಿಗೆ ಆಗ ಅರ್ಥವಾಯಿತು, ಮುದ್ದೆ ಯಾಕೆ ಅರ್ಧಕ್ಕೇ ನಿಂತಿತು ಅಂತ.

ನೆಲಮಂಗಲದ ಮನೆ ಮುಂದೆ ಪರದೆಯಲ್ಲಿ ಇಪ್ಪತ್ತೈದು. ಬಗ್ಗಿ ನೋಡಿದ, ಕನ್ನಡಕ ಒರೆಸಿ ನೋಡಿದ. ಇಪ್ಪತ್ತೈದೇ. ಅದೇ ಪೆಟ್ರೋಲು, ಅದೇ ಜೋಳ.

"ನಿಮ್ ಜೋಳದ್ದೇನೂ ತಪ್ಪಿಲ್ಲ ಮಾವ," ಅಂದ. ಕನ್ನಡಕವನ್ನು ಇನ್ನೊಂದು ಸಲ ಒರೆಸಿಕೊಂಡ. (ಅರ್ಧ ಮಾವನಿಗೋಸ್ಕರ, ಅರ್ಧ ಬೀಗದಕೈಗೋಸ್ಕರ.) ಜೇಬಿನಿಂದ ಬೀಗದಕೈ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟ. ಜ್ಯೋತಿ ಅದನ್ನು ಒಂದು ಕ್ಷಣವೂ ತಡಮಾಡದೆ ಸೆರಗಿಗೆ ಗಂಟು ಹಾಕಿಕೊಂಡಳು.

ಪಿಳ್ಳಪ್ಪ ಬಾನೆಟ್ ಸವರಿದರು. ಬಿಸಿಯಾಗಿತ್ತು. "ಚೆನ್ನಾಗಿ ನೋಡ್ಕೊ ಕಣವ್ವ," ಅಂದರು ಮಗಳಿಗೆ.

"ಕಾರ್ ತಾನೇ ಅಪ್ಪ? ನೋಡ್ಕೋತೀನಿ ಬುಡು."

"ಕಾರಿಗೇನಾಗೈತೆ, ಸಾಧು ಅದು." ಪಿಳ್ಳಪ್ಪ ಅಳಿಯನ ಹತ್ತಿರ ಬಂದು, ಹೆಗಲಿಂದ ಬೆನ್ನಿನವರೆಗೆ ಎರಡು ಸಲ ನೀವಿ, ತಟ್ಟಿ ಹೇಳಿದರು:

"ಇವರ್ನ. ಇನ್ನೂ ಸರಿಯಾಗಿ ಪಳಗಿಲ್ಲ."