ಹದಿನೇಳನೇ ತಾರೀಖಿನ ಶಾಮಿಯಾನಾ

ಯಾರಿಗೋ ಮಾತು ಕೊಟ್ಟದ್ದು ನೆನಪಿತ್ತು. ಯಾರಿಗೆ ಎಂಬುದು ಮರೆತುಹೋಗಿತ್ತು. ಸವದತ್ತಿಯ ಶಾಮಿಯಾನಾ ಶಟ್ಟೆಪ್ಪ ಬೆಳಿಗ್ಗೆ ಎದ್ದವನೇ ಮೊಬೈಲಿನ ಆನ್‌ಲೈನ್ ಕ್ಯಾಲೆಂಡರ್ ತೆರೆದ. ಹದಿನೇಳನೇ ತಾರೀಖು ಖಾಲಿ! ಇವತ್ತು ಎಲ್ಲೋ ಶಾಮಿಯಾನಾ ಹಾಕುವುದಿದೆ ಎಂಬುದಂತೂ ಖಂಡಿತ. ಹೋದ ತಿಂಗಳು ಹೀಗೇ ಮರೆತು, ಒಂದು ಮದುವೆಯ ಬೀಗರನ್ನೆಲ್ಲ ಬಿಸಿಲಿನಲ್ಲಿ ಕೂರಿಸಿದ್ದ. ಇನ್ನೊಂದು ಕಾರ್ಯ ತಪ್ಪಿದರೆ ಸುತ್ತಿನ ಹಳ್ಳಿಗಳಲ್ಲಿ ಅವನನ್ನು ಕರೆಯುವವರೇ ಇರುವುದಿಲ್ಲ.

"ಸರ್ಚ್ ಮಾಡಪಾ," ಎಂದಳು ಕಾಲೇಜಿಗೆ ಹೊರಟಿದ್ದ ಮಗಳು ಸ್ನೇಹಲ್. "ಬ್ಯಾರೆ ತಾರೀಖಿಗೆ ಬರಕೊಂಡಿದ್ರೂ ಸಿಗತೈತಿ."

ಶಟ್ಟೆಪ್ಪ 'ಶಾಮಿಯಾನಾ' ಎಂದು ಒತ್ತಿದ. ಸಂತೆಯಲ್ಲಿ ನಿಂತು "ಅಣ್ಣಾ" ಎಂದು ಕೂಗಿದಂತಾಯಿತು. ಅವನು ಬರೆದದ್ದೆಲ್ಲ ಶಾಮಿಯಾನಾವೇ. ಒಂದೊಂದಾಗಿ ಸರಿಸಿದಾಗ ಒಂದು ಕಡೆ ಸಿಕ್ಕಿತು: 'ಹದಿನೇಳು, ಹೂಲಿ, ಬೀರಪ್ಪನ ಮನೆ.' ತಿಂಗಳೂ ಇದೇ. ವರ್ಷ ನೋಡುವ ವ್ಯವಧಾನ ಯಾರಿಗಿದೆ? ಸಾಮಾನು, ಆಳುಗಳನ್ನು ಹೊತ್ತ ಟೆಂಪೋ ಹೂಲಿಯ ಕಡೆ ಓಡಿತು.

ಬೀರಪ್ಪನ ಮನೆಯಲ್ಲಿ ಸದ್ದಿರಲಿಲ್ಲ. ಮಕ್ಕಳು, ಸೊಸೆಯರು ಹೊಲಕ್ಕೆ ಹೋಗಿದ್ದರು. ಮುದುಕ ಜ್ವರದ ಗುಳಿಗೆ ನುಂಗಿ ಪಡಸಾಲೆಯಲ್ಲಿ ಮಲಗಿದ್ದ. ಮನೆಯವರು ಕಾರ್ಯದ ಸಾಮಾನು ತರಲು ಹೋಗಿರಬೇಕೆಂದುಕೊಂಡ ಶಟ್ಟೆಪ್ಪ ಕಂಬ ನಿಲ್ಲಿಸಿ ಖುರ್ಚಿ ಇಳಿಸಿದ.

ಎದುರುಮನೆಯ ಸತ್ಯವ್ವ ಹೊರಗೆ ಬಂದಳು. ಕರೆಯೋಲೆ ಇಲ್ಲ, ಬಾಗಿಲಿಗೆ ತೋರಣವಿಲ್ಲ, ಏಕಾಏಕಿ ಶಾಮಿಯಾನಾ! ಹಾಗೆ ಹಾಕಿಸುವುದು ಸಾವಿನ ಮನೆಯವರು ಮಾತ್ರ. ಕಿಟಕಿಯಲ್ಲಿ ಇಣುಕಿದಳು. ಬೀರಪ್ಪ ತಲೆಯಿಂದ ಕಾಲಿನವರೆಗೆ ಮುಸುಕು ಹೊದ್ದು ಮಲಗಿದ್ದ.

"ಅಯ್ಯ ನಮ್ಮಪ್ಪಾ, ಬೀರಣ್ಣಾ! ನಿನ್ನಿ ಸಂಜೀಕ ಮಾತಾಡಿಸಿದ್ಯಲ್ಲೋ!"

ಶಟ್ಟೆಪ್ಪ ಕೈಯಲ್ಲಿದ್ದ ಖುರ್ಚಿ ಕೆಳಗಿಟ್ಟ. ಪಾಪ, ಶುಭಕಾರ್ಯದ ದಿನವೇ ಹೀಗಾಯಿತಲ್ಲ ಎಂದು ಮರುಗಿ, ಬಣ್ಣದ ಝಾಲರು ಬಿಚ್ಚಿಸಿ ಬಿಳಿ ಬಟ್ಟೆ ಕಟ್ಟಿಸಿದ. ಆಮೇಲೆ ಕೂಗು ಕೇಳಿ ಸೇರಿದ್ದ ಓಣಿಯವರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಒಬ್ಬ ಹೂವಿನ ಹಾರಕ್ಕೆ ಓಡಿದ, ಇನ್ನೊಬ್ಬ ದೊಡವಾಡದ ನೆಂಟರಿಗೆ ಫೋನ್ ಹಚ್ಚಿದ. ಹಿರಿಯ ಮಗ ಭೀಮಶಿ ಹೊಲದಿಂದ ಎದೆ ಬಡಿದುಕೊಳ್ಳುತ್ತ ಬಂದ.

ಈ ಗದ್ದಲಕ್ಕೆ ಎಚ್ಚರವಾದ ಬೀರಪ್ಪ ಹೊದ್ದ ಮುಸುಕಿನಲ್ಲೇ ಹೊರಗೆ ಬಂದು ಒಂದು ಖುರ್ಚಿ ಹಿಡಿದು ಕುಳಿತ. ಎಲ್ಲರೂ ಅಳುವುದನ್ನು ಕಂಡು ಅವನ ಕಣ್ಣಲ್ಲೂ ನೀರು ಬಂತು. ಪಕ್ಕದವನನ್ನು ಮೆಲ್ಲಗೆ ಕೇಳಿದ: "ಪಾಪ, ಯಾರ ಹೋದ್ರೋ?"

ಪಕ್ಕದವನು ಖುರ್ಚಿಯ ಸಮೇತ ಉರುಳಿದ.

ಅಳು ನಿಂತಿತು. ಊರಿಗೆ ಊರೇ ಶಟ್ಟೆಪ್ಪನ ಕಡೆ ತಿರುಗಿತು. ಅವನು ಮೊಬೈಲ್ ಮುಂದೆ ಹಿಡಿದ. ಭೀಮಶಿ ಕಸಿದುಕೊಂಡು ನೋಡಿದ.

"ಇದು ಹೋದ ವರ್ಷದ್ದಲೇ! ನನ್ನ ಮಗಳ ಮದುವಿಗೆ ನೀನ ಶಾಮಿಯಾನಾ ಹಾಕಿದ್ದಿ!"

ಅಷ್ಟರಲ್ಲಿ ಅವನ ಕೈಯಲ್ಲೇ ಫೋನ್ ರಿಂಗಾಯಿತು. 'ಭಾಗೀರಥಿ, ಹೂಲಿ.' ಹೆಸರು ಕಂಡದ್ದೇ ತಡ, ಶಟ್ಟೆಪ್ಪನಿಗೆ ಎಲ್ಲ ನೆನಪಾಯಿತು. ಇವಳೇ! ಇವಳ ಬಸುರಿ ಮಗಳ ಕುಬಸದ ಕಾರ್ಯಕ್ಕೇ ಮಾತು ಕೊಟ್ಟದ್ದು! ಅದೂ ಇದೇ ಊರು, ಹಿಂದಿನ ಓಣಿ! ಹೋದ ಜೀವ ಬಂದಂತಾಗಿ ಫೋನ್ ಇಸಿದುಕೊಂಡ.

"ಅಕ್ಕಾರ, ನಿಮ್ಮ ಕುಬಸ ಮರತಿಲ್ರಿ! ಸಾಮಾನೆಲ್ಲಾ ನಿಮ್ಮೂರಾಗ ಐತಿ, ಈಗ ಬಂದ್ನಿ ನೋಡ್ರಿ!"

"ಬರಬ್ಯಾಡಪಾ," ಭಾಗೀರಥಿ ಬಿಕ್ಕಿದಳು. "ನಮ್ಮ ಬೀರಪ್ಪ ಕಾಕಾ ಹೋದನಂತ. ಅಣ್ಣತಮ್ಮಂದಿರ ಮನಿ, ನಮಗೂ ಸೂತಕ. ಬಂದ ಬೀಗರ್ನ ಹೊಳ್ಳಿ ಕಳಿಸಿಬಿಟ್ವಿ. ಯಾಕ, ನಿನಗಿನ್ನೂ ಸುದ್ದಿ ತಿಳಿದಿಲ್ಲೇನು?"