ಮುಖ ಬರೆಯದ ಡ್ರಾಯಿಂಗ್ ಮಾಸ್ತರ

ಡ್ರಾಯಿಂಗ್ ಮಾಸ್ತರನಾಗಲು ಹೊರಟು, ಯಾರ ಮುಖವನ್ನೂ ಬರೆಯುವುದಿಲ್ಲವೆಂದು ಹಟ ಹಿಡಿದವನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಅಂಥವನಿಗೆ ಪೆನ್ಸಿಲು, ರಬ್ಬರು ಕೊಡಿಸಿದ ಮಹಾಮೂರ್ಖನೂ ನಾನೇ!

ಅವನು ನನ್ನ ಚಿಕ್ಕವ್ವನ ಮಗ. ತಂದೆ-ತಾಯಿ ಹೋದ ಮೇಲೆ ಹುಬ್ಬಳ್ಳಿಯ ನಮ್ಮ ಮನೆಯಲ್ಲೇ ಬೆಳೆದ. ನಮ್ಮದು ಹತ್ತಿ ಹಿಂಜುವ ಮನೆತನ. ಇವನೊಬ್ಬನಾದರೂ ಮೂಗಿಗೆ ಹತ್ತಿಯ ಧೂಳು ಹೋಗದಂಥ ನೌಕರಿ ಮಾಡಲಿ ಎಂಬುದು ನಮ್ಮ ಅವ್ವನ ಆಸೆ. ಅದಕ್ಕೇ ಡ್ರಾಯಿಂಗ್ ಪರೀಕ್ಷೆಗೆ ಓದಲು ಧಾರವಾಡಕ್ಕೆ ಕಳಿಸಿದೆವು.

ಮೊದಲ ವರ್ಷ ಅವನ ನಮಾಜು ಐದು ಹೊತ್ತಿಗೆ ಏರಿತು. ಸಂತೋಷ! ನಾನೂ ಶುಕ್ರವಾರ ಮಸೀದಿಗೆ ಹೋಗುವವನೇ. ಎರಡನೆಯ ವರ್ಷ ಗಡ್ಡ ಬಂತು. ಅದೂ ಇರಲಿ. ಆಮೇಲೆ ಒಂದು ರಜೆಗೆ ಬಂದವನು, ಜೀವವಿರುವ ಯಾವುದರ ಮುಖವನ್ನೂ ಬರೆಯುವುದಿಲ್ಲ ಎಂದುಬಿಟ್ಟ!

"ಜೀವಾ ತುಂಬೂದು ಅಲ್ಲಾಹನ ಕೆಲಸ ಅಣ್ಣಾ. ನಾ ಬರೇ ಮಾರಿ ತಗದು ಬಿಟ್ರ, ನಾಳೆ ಅವಂಗ ಏನಂತ ಉತ್ತರ ಕೊಡ್ಲಿ?"

"ಮತ್ತ ಪರೀಕ್ಷಾದಾಗ ಏನ್ ತಗೀತಿ? ಕುಂಬಳಕಾಯಿ?"

"ಕುಂಬಳಕಾಯಿಗೆ ನೂರಕ್ಕ ತೊಂಬತ್ತು ಬಿದ್ದಾವ ಅಣ್ಣಾ!"

ನನ್ನ ಪಿತ್ತ ನೆತ್ತಿಗೇರಿತು. ಪರೀಕ್ಷೆಯಲ್ಲಿ ಮಾಡಿದ್ದಾದರೂ ಏನು ಗೊತ್ತೇ? ನೋಡಿ ಬರೆಯಲೆಂದು ಮುಂದೆ ಕೂರಿಸಿದ್ದ ಶಾಲೆಯ ಸಿಪಾಯಿಯ ಅಂಗಿ, ಗುಂಡಿ, ಪಟ್ಟಿ, ಬೂಟು ಎಲ್ಲ ಬರೆದು, ಕುತ್ತಿಗೆಯ ಮೇಲೆ ಏನೂ ಇಲ್ಲ!

"ಇಂವನ ತಲಿ ಎಲ್ಲೈತೋ?" ಎಂದರಂತೆ ಪರೀಕ್ಷಕರು.

"ಅದನ್ನ ಬಿಟ್ಟು ಉಳಿದದ್ದಕ್ಕ ಮಾರ್ಕ್ಸ್ ಹಾಕ್ರಿ, ಸರ್."

ಹಾಕುತ್ತಾರೆಯೇ? ನಪಾಸು! ಬಯ್ಯಲು ಹೋದರೆ ಅವ್ವ ನನ್ನ ಮೇಲೆಯೇ ಹರಿಹಾಯ್ದಳು. "ಅಂವನ ದೀನ್-ಧರ್ಮ ಅಂವಗ ಬಿಡು. ತನ್ನ ದಾರಿ ತಾನ ಹುಡುಕ್ಕೋತಾನ."

ಆ ವರ್ಷವೆಲ್ಲ ಮನೆಯಲ್ಲೇ ಕೂತು ಏನೇನೋ ಗೀಚಿದ. ಕೇಳಿದರೆ ತೋರಿಸುತ್ತಿರಲಿಲ್ಲ. ಮತ್ತೆ ಪರೀಕ್ಷೆ ಬಂದಾಗ ಎಲ್ಲರೂ ಸಿಪಾಯಿಯ ಎದುರಿನ ಜಾಗಕ್ಕೆ ನುಗ್ಗಿದರೆ, ಈ ಮಹಾಶಯ ಹೋಗಿ ಅವನ ಬೆನ್ನ ಹಿಂದೆ ಕೂತ. ಅಲ್ಲಿಂದ ಕಾಣುವುದು ರುಮಾಲು, ಬೆನ್ನು ಅಷ್ಟೇ. ಕಾಣದ ಮುಖವನ್ನು ಬರೆ ಎಂದು ಯಾರು ಕೇಳಬೇಕು?

"ಹಿಂದ ಕುಂಡ್ರಬಾರ್ದು ಅಂತ ಕಾಯ್ದೆ ಇಲ್ಲಲ್ಲ ಅಣ್ಣಾ?" ಎಂದು ಹಲ್ಲು ಕಿರಿದ.

ಪಾಸಾದ. ಆದರೆ ಪಾಸಾದ ಕಾಗದ ಬರುವ ಎಂಟು ದಿನ ಮೊದಲೇ ಅವ್ವ ಜ್ವರದಿಂದ ತೀರಿಕೊಂಡಿದ್ದಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಕಾಗದ ಹಿಡಿದು ಕೂತವನನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಕೈಯಾಗ ಇಷ್ಟ್ ವಿದ್ಯಾ ಇಟ್ಕೊಂಡು ಅವ್ವನ ಮಾರಿ ಒಂದ್ ಸಲಾನೂ ತಗೀಲಿಲ್ಲಲ್ಲೋ! ಕಲ್ಲ ಎದಿ ಐತಿ ನಿಂದು!"

ಅವನು ಟ್ರಂಕು ತೆರೆದು, ಹಾಳೆಗಳನ್ನು ನನ್ನ ಮುಂದೆ ಹರಡಿದ. ಎಲ್ಲ ಅವ್ವನೇ. ಒಲೆ ಊದುವ ಅವ್ವ, ರೊಟ್ಟಿ ಬಡಿಯುವ ಅವ್ವ, ಹತ್ತಿ ಬಿಡಿಸುವ ಅವ್ವ. ಎಲ್ಲದರಲ್ಲೂ ಬೆನ್ನು. ಬಡಕಲು ತುರುಬು, ತೇಪೆ ಹಾಕಿದ ಕುಪ್ಪಸ, ತುಸು ಇಳಿಬಿದ್ದ ಬಲಭುಜ.

"ಹಿಂದಿಂದ ತಗಿಯೂದು ದೊಡ್ಡವ್ವನ್ನ ನೋಡೇ ಕಲ್ತೆ ಅಣ್ಣಾ," ಎಂದ. "ನಾವು ಉಣ್ಣಾಕ ಕುಂತಾಗ ಆಕಿ ಒಲಿ ಬಿಟ್ಟು ಯಾವತ್ತು ಈ ಕಡೆ ಹೊಳ್ಳಿ ಕುಂತಿದ್ಲು, ಹೇಳು?"

ಹೇಳಲು ನನಗೆ ಒಂದು ದಿನವೂ ನೆನಪಾಗಲಿಲ್ಲ. ಅವನ ಹೆಗಲು ಹಿಡಿದುಕೊಂಡು ಅತ್ತುಬಿಟ್ಟೆ.