ಎಂಟೂವರೆ ಕಿಲೋ ದೊಡ್ಡಮ್ಮ

ನಾನು ತೂಕ-ಅಳತೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇನ್ಸ್‌ಪೆಕ್ಟರ್. ಈ ಊರಿನಲ್ಲಿ ತಕ್ಕಡಿ ಹಿಡಿದವರು ಯಾರೇ ಇರಲಿ, ನನ್ನ ನೆರಳು ಕಂಡರೆ ಬೆಚ್ಚಿಬೀಳುತ್ತಾರೆ. (ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಅವಳ ಕೈಯಲ್ಲಿ ತಕ್ಕಡಿ ಇರಲಿ, ಸೌಟು ಇರಲಿ, ಬೆಚ್ಚಿಬೀಳುವವನು ನಾನೇ.) ಐವತ್ತು ಗ್ರಾಂ ಕಡಿಮೆ ತೂಗಿದವನನ್ನು ನಡುಬೀದಿಯಲ್ಲಿ ನಿಲ್ಲಿಸಿ ಅರ್ಧ ಗಂಟೆ ಧರ್ಮೋಪದೇಶ ಮಾಡಿದ ಕೀರ್ತಿ ನನ್ನದು. ಅಂಥ ನಾನು ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿಗೆ, ನಾಲ್ಕು ಕಿಲೋ ತೂಕದ ಮೋಸ ಮಾಡಿದೆ ಎಂದರೆ ನಂಬುತ್ತೀರಾ? ಮಾಡಿದೆ. ಆದರೆ ತಪ್ಪು ನನ್ನದಲ್ಲ, ಒಂದು ಕ್ಯಾಮೆರಾದ್ದು.

ನನ್ನ ಹೆಂಡತಿ ಕಟ್ಟಡಗಳ ಫೋಟೋ ತೆಗೆಯುವವಳು. ಮನುಷ್ಯರ ಫೋಟೋ ಅವಳಿಗೆ ಒಗ್ಗುವುದಿಲ್ಲ. ಮನುಷ್ಯರು ಅಲ್ಲಾಡುತ್ತಾರಂತೆ, ಮಾತಾಡುತ್ತಾರಂತೆ. ಕಟ್ಟಡಗಳು ಹೇಳಿದ ಮಾತು ಕೇಳಿಕೊಂಡು ನಿಂತಲ್ಲೇ ನಿಲ್ಲುತ್ತವೆ. (ಆ ಲೆಕ್ಕದಲ್ಲಿ ನಾನೂ ಒಂದು ಕಟ್ಟಡವೇ.) ಎರಡು ವರ್ಷದ ಹಿಂದೆ ಅವಳ ಬಲಭುಜ ನೋಯಲು ಶುರುವಾಗಿ, ಭಾರ ಎತ್ತಕೂಡದು ಎಂದು ಡಾಕ್ಟರು ಹೇಳಿದ ಮೇಲೆ, ರಜಾದಿನಗಳಲ್ಲಿ ಅವಳ ಸಾಮಾನು ಹೊರುವ ಭಾಗ್ಯ ನನ್ನ ಪಾಲಿಗೆ ಬಂತು. ಕಟ್ಟಡಗಳು ಖಾಲಿ ಇರುವುದೂ ರಜಾದಿನಗಳಲ್ಲೇ ತಾನೆ?

ಹೀಗಿರುವಾಗ ಒಬ್ಬ ಪ್ರಕಾಶಕರು ಅವಳನ್ನು ಕರೆಸಿದರು. ಊರಿನ ಹಳೆಯ ಕಟ್ಟಡಗಳ ಮೆಟ್ಟಿಲುಗಳ ಬಗ್ಗೆಯೇ ಒಂದು ದೊಡ್ಡ ಪುಸ್ತಕ, ಜೊತೆಗೆ ಆಳೆತ್ತರದ ಚಿತ್ರಗಳ ಪ್ರದರ್ಶನ. ಒಟ್ಟು ಇಪ್ಪತ್ತನಾಲ್ಕು ಕಟ್ಟಡ. ಮೆಟ್ಟಿಲು ಎಂದರೆ ಅವಳಿಗೆ ಪ್ರಾಣ. ಇಂಥ ಒಂದು ಕೆಲಸಕ್ಕಾಗಿ ಇಪ್ಪತ್ತು ವರ್ಷ ಕಾದಿದ್ದಾಳೆ. ಆದರೆ ಅಷ್ಟು ದೊಡ್ಡ ಚಿತ್ರಕ್ಕೆ ಅವಳ ಹಳೆಯ ಕ್ಯಾಮೆರಾ ಸಾಲದು, ಮೀಡಿಯಂ ಫಾರ್ಮ್ಯಾಟ್ ಡಿಜಿಟಲ್ ಕ್ಯಾಮೆರಾವೇ ಬೇಕು ಎಂದರು. ಸಾಮಾನ್ಯ ಕ್ಯಾಮೆರಾದಲ್ಲಿ ಬೆಳಕು ಬೀಳುವ ಫಲಕ ಅಂಚೆಚೀಟಿಯಷ್ಟಾದರೆ, ಇದರಲ್ಲಿ ಅದು ಇನ್ನೂ ಅಗಲ. ಹೆಸರು ಮಾತ್ರ ಮೀಡಿಯಂ. ಭಾರದಲ್ಲಾಗಲಿ ಬೆಲೆಯಲ್ಲಾಗಲಿ ಆ ಶಬ್ದದ ಸುಳಿವೇ ಇಲ್ಲ.

ನಾವಿಬ್ಬರೂ ಕ್ಯಾಮೆರಾ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರಂತೆ ಮೆಲುದನಿಯಲ್ಲಿ ಮಾತಾಡುವವರು.

"ನೀವು ಕೊಳ್ಳೋದು ಕ್ಯಾಮೆರಾ ಅಲ್ಲಮ್ಮ, ಸಿಸ್ಟಮ್. ಇದೊಂದೇ ಬರಲ್ಲ, ಇದರ ತವರುಮನೆಯವರೆಲ್ಲ ಜೊತೇಲಿ ಬರ್ತಾರೆ. ಮೂರು ಲೆನ್ಸು, ಬ್ಯಾಟರಿ, ಕೇಬಲ್ಲು, ಎಲ್ಲ. ಈ ಮನೆತನದ ಲೆನ್ಸು ಆ ಮನೆತನಕ್ಕೆ ಕೂರಲ್ಲ. ಯೋಚನೆ ಮಾಡಿ ಆರಿಸ್ಕೊಳ್ಳಿ."

ಎರಡು ಸಿಸ್ಟಮ್ ತಂದಿಟ್ಟರು. ಮೊದಲನೆಯದು ಪುಟ್ಟದು, ಚುರುಕು, ಎಲ್ಲವನ್ನೂ ತಾನೇ ನೋಡಿಕೊಳ್ಳುವಂಥದ್ದು. ಎರಡನೆಯದು ಗಂಭೀರ. ಚಿತ್ರ ಹಿಡಿಯುವ ಭಾಗವೇ ಬೇರೆ, ಅದನ್ನು ಬೆನ್ನಿಗೆ ಕೂರಿಸಬೇಕು. ಕಟ್ಟಡದ ಗೆರೆಗಳು ವಾಲದಂತೆ ಲೆನ್ಸನ್ನು ಮೇಲಕ್ಕೂ ಕೆಳಕ್ಕೂ ಜರುಗಿಸುವ ತಿರುಪುಗಳಿವೆ. ಯಾವುದೂ ಆತುರದಲ್ಲಿ ಆಗುವುದಿಲ್ಲ. ನಾನು ಕೂಡಲೇ ನಾಮಕರಣ ಮಾಡಿದೆ: ಚಿಕ್ಕಮ್ಮ, ದೊಡ್ಡಮ್ಮ.

ಎರಡರಲ್ಲೂ ಅಂಗಡಿಯ ಹಿಂದಿನ ಮರದ ಮೆಟ್ಟಿಲಿನ ಚಿತ್ರ ತೆಗೆದು ದೊಡ್ಡ ಪರದೆಯ ಮೇಲೆ ಹಾಕಿದರು. ಚಿಕ್ಕಮ್ಮನ ಚಿತ್ರ ಬಹಳ ಚೆನ್ನಾಗಿತ್ತು. ಆಮೇಲೆ ದೊಡ್ಡಮ್ಮನದು ಬಂತು, ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಕತ್ತಲೆ ಎಂದು ನಾನು ಅಂದುಕೊಂಡಿದ್ದ ಮೂಲೆಯಲ್ಲಿ ಕಂದು ಬಣ್ಣವೇ ನಾಲ್ಕು ಬಗೆಯದಿತ್ತು. ಎಷ್ಟೋ ಜನರ ಅಂಗೈ ಉಜ್ಜಿ ನುಣುಪಾದ ಹಿಡಿಕೆ, ಯಾರೋ ಯಾವ ಕಾಲದಲ್ಲೋ ಬಡಿದ ಮೊಳೆ, ಆ ಮೊಳೆಯ ತಲೆಯ ಮೇಲಿನ ತುಕ್ಕು! ಜೀವಮಾನವೆಲ್ಲ ಅಳತೆಯಲ್ಲೇ ಕಳೆದವನು ನಾನು. ಒಂದು ಗ್ರಾಂ ಬೆಳಕನ್ನೂ ಕಡಿಮೆ ತೂಗದ ಯಂತ್ರವನ್ನು ಕಂಡದ್ದು ಅದೇ ಮೊದಲು.

ಹೆಂಡತಿಯ ಕಡೆ ನೋಡಿದೆ. ಅವಳು ಉಸಿರಾಡುವುದನ್ನೇ ಮರೆತಂತೆ ಪರದೆ ನೋಡುತ್ತಿದ್ದಳು. ಆಮೇಲೆ ನನ್ನ ಸೊಂಟದ ಕಡೆ ನೋಡಿದಳು. "ಚಿಕ್ಕಮ್ಮನೇ ಸಾಕು ಅನ್ಸತ್ತೆ" ಎಂದಳು.

"ಯಾಕೆ?" ಎಂದೆ.

"ಇದು ಎಂಟೂವರೆ ಕಿಲೋ ಇದೆ ರೀ. ಹೊರೋದು ಯಾರು? ನಮ್ಮ ಮನೆಗೆ ಹಾಲು ತರೋಕೆ ಹೋಗಿ ಬಂದ್ರೇ ಎರಡು ಕಡೆ ಕೂತು ಎದ್ದು ಬರ್ತೀರ."

"ಹೊರೋದಕ್ಕೆ ನಾನಿಲ್ವೇನೇ?"

"ನೀವು ಇದ್ದೀರ ಅಂತಾನೇ ಚಿಂತೆ."

ಈ ಮಾತು ನನಗೆ ನಾಟಿತು. ಇಪ್ಪತ್ತು ವರ್ಷದ ಆಸೆಗೆ ನನ್ನ ಬಡಕಲು ಸೊಂಟ ಅಡ್ಡ ಬರಬಾರದು! ದೊಡ್ಡಮ್ಮನೇ ಆಗಬೇಕು ಎಂದು ಅಲ್ಲೇ ಪಟ್ಟುಹಿಡಿದೆ. ಅವಳು ಒಪ್ಪಲೂ ಇಲ್ಲ, ಒಲ್ಲೆನೆನ್ನಲೂ ಇಲ್ಲ. "ಪರೀಕ್ಷೆ ಮಾಡಿ ನೋಡೋಣ. ಒಂದು ವಾರ ಟೈಮ್ ಕೊಡಿ" ಎಂದು ಯಜಮಾನರಿಗೆ ಹೇಳಿ ಬಂದಳು.

ಇಲ್ಲಿ ನನ್ನ ಹೆಂಡತಿಯ ಬುದ್ಧಿಗೆ ಕೈಮುಗಿಯಬೇಕು. ಮನೆಗೆ ಬಂದವಳೇ ಹಳೆಯ ಪರದೆ ಬಟ್ಟೆ ಕತ್ತರಿಸಿ ಎರಡು ಚೀಲ ಹೊಲಿದಳು. ಮರಳು ತಂದಳು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಒಂದಕ್ಕೆ ನಾಲ್ಕು ಕಿಲೋ ಇನ್ನೂರು, ಇನ್ನೊಂದಕ್ಕೆ ಎಂಟು ಕಿಲೋ ಐನೂರು ತುಂಬಿ ಬಾಯಿ ಹೊಲಿದಳು. ಒಂದೊಂದನ್ನೂ ಮೂರು ಮೂರು ದಿನ ಬೆನ್ನಿಗೆ ಹಾಕಿಕೊಂಡು ನಾನು ಆಫೀಸಿಗೆ ಹೋಗಿ ಬರಬೇಕು, ನಾಲ್ಕನೇ ಮಹಡಿಯ ನಮ್ಮ ಮನೆಗೆ ಹತ್ತಬೇಕು, ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಕತ್ತು, ಭುಜ, ಸೊಂಟಗಳ ಕ್ಷೇಮಸಮಾಚಾರ ಬರೆದು ಸಹಿ ಹಾಕಬೇಕು. ಕೋಟಿ ಕೋಟಿ ಖರ್ಚು ಮಾಡುವ ಸರ್ಕಾರಗಳೂ ಇಷ್ಟು ಯೋಚಿಸಿ ಸಾಮಾನು ಕೊಳ್ಳುವುದಿಲ್ಲ.

ಚಿಕ್ಕಮ್ಮನ ಮೂರು ದಿನ ಹೂವಿನಂತೆ ಕಳೆಯಿತು. ನಾಲ್ಕನೇ ದಿನ ಬೆಳಿಗ್ಗೆ ದೊಡ್ಡಮ್ಮ ನನ್ನ ಬೆನ್ನೇರಿದಳು. ಮನೆಯ ಬಾಗಿಲು ದಾಟುವವರೆಗೆ ನಗುತ್ತಿದ್ದೆ. ಬೀದಿಯ ತಿರುವಿನಲ್ಲಿ ನಗು ನಿಂತಿತು. ಮಾರುಕಟ್ಟೆ ತಲುಪುವಾಗ ಪೂರ್ತಿ ಬಾಗಿಹೋಗಿದ್ದೆ. ನನ್ನ ಬೆನ್ನ ಮೇಲಿನ ಗಂಟು ನೋಡಿ ವ್ಯಾಪಾರಿಗಳು, ಇನ್ಸ್‌ಪೆಕ್ಟರ್ ಸಾಹೇಬರು ಸರ್ಕಾರಿ ತೂಕದ ಬಟ್ಟುಗಳನ್ನೆಲ್ಲ ಹೊತ್ತು ದಾಳಿಗೆ ಬಂದಿದ್ದಾರೆ ಎಂದುಕೊಂಡರು. ಅಂದು ಇಡೀ ಮಾರುಕಟ್ಟೆಯಲ್ಲಿ ಪೂರ್ತಿ ತೂಕ ಸಿಕ್ಕಿತು. ಅದೊಂದೇ ಆ ದಿನದ ಲಾಭ.

ಸಂಜೆ ಮೂರನೇ ಮಹಡಿಯಲ್ಲಿ ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಮನೆ ಸೇರಿದೆ. ನಮ್ಮ ಜೊತೆಯಲ್ಲೇ ಇರುವ ಅತ್ತೆ ನೀರು ತಂದುಕೊಟ್ಟರು. "ಅಳಿಯಂದ್ರೇ, ಮುಖ ಯಾಕೋ ಬಾಡಿದೆ?"

"ಬಿಸಿಲು ಅತ್ತೆ" ಎಂದೆ. ಹೊರಗೆ ಮೋಡ ಮುಚ್ಚಿತ್ತು.

ಇನ್ನೆರಡು ದಿನ ಹೀಗೇ ಆದರೆ ನೋಟ್‌ಬುಕ್ಕಿನಲ್ಲಿ ನಿಜ ಬರೆಯಬೇಕಾಗುತ್ತಿತ್ತು. ನಿಜ ಬರೆದರೆ ಅವಳಿಗೆ ದೊಡ್ಡಮ್ಮ ತಪ್ಪುತ್ತಿದ್ದಳು. ಹೆಂಡತಿ ಅಂಗಡಿಗೆ ಹೋಗಿ ಅತ್ತೆ ನಿದ್ದೆಹೋಗಿದ್ದ ಸಮಯ ನೋಡಿ, ಚೀಲದ ಹೊಲಿಗೆ ಬಿಚ್ಚಿ ಒಂದೂವರೆ ಕಿಲೋ ಮರಳನ್ನು ಬಾಲ್ಕನಿಯ ಹೂಕುಂಡಕ್ಕೆ ಸುರಿದು ಮತ್ತೆ ಹೊಲಿದೆ. ಇಪ್ಪತ್ತಾರು ವರ್ಷದ ನಿಷ್ಕಳಂಕ ಸೇವೆ ಆ ಕುಂಡದಲ್ಲಿ ಮಣ್ಣುಪಾಲಾಯಿತು. ಮಾರನೆಯ ಸಂಜೆ ಇನ್ನೂ ಎರಡೂವರೆ ಕಿಲೋ ಸುರಿದೆ. ನೀರಿಗೆ ಇಳಿದವನಿಗೆ ಮಳೆಯೇನು ಚಳಿಯೇನು!

"ಈ ಗಿಡ ದಿನಾ ಗಿಡ್ಡ ಆಗ್ತಾ ಇದೆಯಲ್ಲ" ಎಂದರು ಅತ್ತೆ, ಮೂರನೆಯ ಬೆಳಿಗ್ಗೆ ಕುಂಡದ ಮುಂದೆ ನಿಂತು.

"ವಯಸ್ಸಾಯ್ತಲ್ಲ ಅತ್ತೆ" ಎಂದು ಹೇಳಿ ಹೊರಗೆ ಓಡಿದೆ.

ಅಂದು ಸಂಜೆ ನಾಲ್ಕು ಮಹಡಿಯನ್ನೂ ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದೆ, ಮೇಲೆ ನಿಂತು ಸಿಳ್ಳೆ ಹೊಡೆದೆ. ನೋಟ್‌ಬುಕ್ಕಿನಲ್ಲಿ ಬರೆದೆ: "ಭಾರವು ಅಭ್ಯಾಸಬಲದಿಂದ ನಗಣ್ಯವಾಗಿದೆ. ಸೊಂಟವು ಮೊದಲಿಗಿಂತ ದೃಢವಾಗಿದೆ. ಈ ಸಿಸ್ಟಮನ್ನು ಎಷ್ಟು ಮಹಡಿಗಾದರೂ ಹೊರಲು ಸಂತೋಷದಿಂದ ಸಿದ್ಧನಿದ್ದೇನೆ." ಸಹಿಯ ಕೆಳಗೆ ಹುದ್ದೆಯನ್ನೂ ನಮೂದಿಸಿದೆ. ಹೆಂಡತಿ ಅದನ್ನು ಎರಡು ಸಲ ಓದಿ, ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಭಾವುಕಳಾದಳು ಎಂದುಕೊಂಡೆ. ಮಾರನೆಯ ದಿನ ದೊಡ್ಡಮ್ಮ ತವರಿನವರ ಸಮೇತ ಮನೆಗೆ ಬಂದಳು.

ಮೊದಲ ಕಟ್ಟಡ ಒಂದು ಹಳೆಯ ವಿಮಾ ಕಚೇರಿ. ಎಂಟು ಮಹಡಿ, ಸುರುಳಿ ಸುತ್ತುವ ಕಲ್ಲಿನ ಮೆಟ್ಟಿಲು, ನಡುವೆ ಬಾವಿಯಂಥ ಪೊಳ್ಳು. ಲಿಫ್ಟ್ ಕಂಡುಹಿಡಿಯುವ ಮೊದಲೇ ಕಟ್ಟಿದ್ದಿರಬೇಕು. ಚಿತ್ರವನ್ನು ತುತ್ತತುದಿಯಿಂದ ಕೆಳಮುಖವಾಗಿ ತೆಗೆಯಬೇಕು. ಎರಡನೇ ಮಹಡಿಗೇ ನನ್ನ ಮೊಣಕಾಲುಗಳು ಮಾತಾಡತೊಡಗಿದವು. ನಾಲ್ಕನೆಯದರಲ್ಲಿ ಗೋಡೆಗೆ ಒರಗಿದೆ.

"ಆ ಅಂಗಡಿಯವರು ತೂಕದಲ್ಲಿ ಮೋಸ ಮಾಡಿದ್ದಾರೆ ಕಣೇ" ಎಂದೆ ಏದುಸಿರು ಬಿಡುತ್ತಾ. "ಇದು ಎಂಟೂವರೆ ಕಿಲೋ ಅಲ್ಲವೇ ಅಲ್ಲ."

"ಎಂಟೂವರೆನೇ. ನೀವು ಹೊತ್ತಿದ್ದು ನಾಲ್ಕೂವರೆ."

ನಾನು ಬೆನ್ನಿನ ಭಾರ ಇಳಿಸಿ ಮೆಟ್ಟಿಲ ಮೇಲೆ ಕೂತೆ.

"ದಿನಾ ರಾತ್ರಿ ಚೀಲ ತೂಗ್ತಿದ್ದೆ ರೀ. ಆ ತಕ್ಕಡಿ ಸರಿಯಾಗಿದೆ ಅಂತ ಮುದ್ರೆ ಹಾಕಿಕೊಟ್ಟಿದ್ದು ನೀವೇ. ಮತ್ತೆ ಆ ಹೊಲಿಗೆ! ಬಟ್ಟೆಗೆ ಬೇಲಿ ಹಾಕಿದ ಹಾಗಿತ್ತು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

ಅವಳು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. "ನನಗೂ ದೊಡ್ಡಮ್ಮನೇ ಬೇಕಿತ್ತು. ಹೊತ್ತುಕೊಂಡು ಬನ್ನಿ ಅಂತ ನಿಮ್ಮನ್ನ ಕೇಳೋಕೆ ಬಾಯಿ ಬರ್ತಿರಲಿಲ್ಲ. ನೀವೇ ಕದ್ದು ಮರಳು ತೆಗೆದ್ರಿ ನೋಡಿ, ಆಗ ಧೈರ್ಯ ಬಂತು. ನನಗೋಸ್ಕರ ಇವರು ನೌಕರಿಯ ಮರ್ಯಾದೆನೂ ಬಿಡ್ತಾರೆ ಅಂದ್ಮೇಲೆ ನಾಲ್ಕು ಕಿಲೋ ಜಾಸ್ತಿ ಹೊರದೇ ಇರ್ತಾರಾ ಅನ್ನಿಸ್ತು." ಬೆರಳೆತ್ತಿ ಹೇಳಿದಳು, "ಅಲ್ಲದೆ ಬರೆದು ಸಹಿ ಹಾಕಿದ್ದೀರ."

ಇಂಥ ಹೆಂಡತಿಯನ್ನು ಪಡೆದ ನಾನೇ ಧನ್ಯ ಎನ್ನಿಸಿತು, ಕೋಪವೂ ಬಂತು, ಸೊಂಟವೂ ಹಿಡಿಯಿತು. ಮೂರನ್ನೂ ಹೊತ್ತು ಎಂಟನೇ ಮಹಡಿ ತಲುಪಿದೆ.

ಅವಳು ಕೆಲಸ ಮಾಡುವುದನ್ನು ನೋಡಬೇಕು. ಒಂದು ತಿರುಪು ಮುಟ್ಟಲು ಒಂದು ನಿಮಿಷ ಯೋಚಿಸುತ್ತಾಳೆ. ಮುಕ್ಕಾಲು ಗಂಟೆ ಜರುಗಿಸಿ, ನೋಡಿ, ಮತ್ತೆ ಜರುಗಿಸಿ, ಕೊನೆಗೆ ಹೇಳಿದಳು, "ಕಟ್ಟಡ ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ಅಳತೆಗೆ ಒಬ್ಬ ಮನುಷ್ಯ ಬೇಕು. ಕೆಳಗೆ ಹೋಗಿ ನಡುಮಧ್ಯೆ ನಿಂತ್ಕೊತೀರಾ?"

ಅಳತೆ ಎಂದ ಮೇಲೆ ನಾನು ಇಲ್ಲ ಎನ್ನುವಂತಿಲ್ಲ. ಇಳಿದು ನಿಂತೆ. "ಆಯ್ತು, ಬನ್ನಿ!" ಎಂಬ ಕೂಗು ಎಂಟು ಮಹಡಿ ಸುತ್ತಿಕೊಂಡು ಬಂತು. ಚಿತ್ರ ನೋಡುವ ಆಸೆಗೆ ಮತ್ತೆ ಹತ್ತಿದೆ.

ನೋಡಿ ನೋವು ಮರೆತೆ. ಸುತ್ತು ಸುತ್ತಾಗಿ ಇಳಿಯುವ ಮೆಟ್ಟಿಲುಗಳು, ಪ್ರತಿಯೊಂದರ ಅಂಚಿನಲ್ಲೂ ನೂರು ವರ್ಷದ ಸವೆತ, ಕಲ್ಲಿನ ಕಣಕಣದಲ್ಲೂ ಬೆಳಕು. ಎಲ್ಲದರ ತಳದಲ್ಲಿ ಎಳ್ಳುಕಾಳಿನಷ್ಟು ನಾನು. ಹೆಂಡತಿ ಆ ಎಳ್ಳುಕಾಳನ್ನು ಹಿಗ್ಗಿಸಿದಳು, ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ನನ್ನ ಅಂಗಿಯ ಗುಂಡಿಗಳನ್ನು ಎಣಿಸಬಹುದಾಗಿತ್ತು.

"ಎಂಥಾ ಸ್ಪಷ್ಟತೆ!" ಎಂದು ಉದ್ಗರಿಸಿದೆ. "ನಾನು ಹೇಳಿರಲಿಲ್ವಾ, ದೊಡ್ಡಮ್ಮನೇ ಆಗಬೇಕು ಅಂತ? ಚಿಕ್ಕಮ್ಮನಲ್ಲಿ ಇಷ್ಟೆಲ್ಲ ಎಲ್ಲಿ ಕಾಣಿಸ್ತಿತ್ತು?"

"ಅದೇ ನೋಡಿ" ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಎರಡೂ ಕೈಲಿ ಸೊಂಟ ಹಿಡ್ಕೊಂಡು, ಬಾಯಿ ತೆರ್ಕೊಂಡು ನಿಂತಿರೋದು ಎಷ್ಟು ಚೆನ್ನಾಗಿ ಕಾಣಿಸ್ತಿದೆ. ಆಳೆತ್ತರಕ್ಕೆ ಹಾಕಿದ್ರೆ ಜನ ಮೆಟ್ಟಿಲು ಬಿಟ್ಟು ನಿಮ್ಮನ್ನೇ ನೋಡ್ತಾರೆ. ಇನ್ನೊಂದ್ಸಲ ಇಳೀರಿ."